ಮುರಿಯಲು ಈಟಿಯೇ ಇಲ್ಲದ ದಾಖಲೆ

ಮೊದಲು ಒಂದು ಸಣ್ಣ ಕೆಲಸ. ಜೇಬಲ್ಲಿ ಪೆನ್ ಇದ್ದವರು ತೆಗೆದು ತೋರುಬೆರಳ ಮೇಲೆ ಅಡ್ಡಡ್ಡ ಇಡಿ. ಬೀಳದ ಹಾಗೆ ನಿಲ್ಲುವ ಜಾಗ ಹುಡುಕಿ. ಸಿಕ್ಕಿತಾ? ಈಗ ಹಿಂದೆ ಸಿಕ್ಕಿಸಿರುವ ಕ್ಯಾಪ್ ತೆಗೆದು ಮುಂದೆ ಹಾಕಿ, ಮತ್ತೆ ಇಡಿ. ಆ ಜಾಗ ಮುಂದಕ್ಕೆ ಸರಿಯಿತು, ಅಲ್ವಾ? ಸುಮಾರು ಒಂದು ಬೆರಳಗಲ ಇರಬಹುದು. ನಾನು ಇವತ್ತು ಹೇಳುವ ಮನುಷ್ಯನ ಕಥೆಯಲ್ಲಿ ಇದು 4 ಸೆಂಟಿಮೀಟರ್. ಈಟಿಯ ತೂಕದ ನಡುಬಿಂದುವನ್ನು ಅಷ್ಟು ಮುಂದಕ್ಕೆ ಸರಿಸಿದರು. ಅಷ್ಟಕ್ಕೇ ಅವರ ದಾಖಲೆಯನ್ನು ಮುರಿಯುವ ದಾರಿ ಮುಚ್ಚಿಹೋಯಿತು.

ಅವರ ಹೆಸರು ಊವೆ ಹೋನ್. ನಮ್ಮಲ್ಲಿ ಹಾನ್ ಅಂತಲೂ ಬರೆಯುತ್ತಾರೆ. ಜರ್ಮನಿಯವರು, ಅದರಲ್ಲೂ ಹಳೇ ಪೂರ್ವ ಜರ್ಮನಿಯವರು. ಈಟಿಯನ್ನು 100 ಮೀಟರ್ ಆಚೆ ಎಸೆದು ವಿಶ್ವದಾಖಲೆ ಬರೆಸಿದ ಒಬ್ಬನೇ ಒಬ್ಬ ಮನುಷ್ಯ. ಕ್ವಿಜ್ ಹುಚ್ಚು ಇರುವವರಿಗೆ ಈ ಹೆಸರು ಗೊತ್ತಿರುತ್ತದೆ. ಉಳಿದವರಿಗೆ ನೀರಜ್ ಚೋಪ್ರಾ ಅವರ ಹಳೇ ಕೋಚ್ ಎಂದರೆ ನೆನಪಾಗಬಹುದು. ಅವರ ಜನಪ್ರಿಯತೆ ಇರುವುದು ಇವೆರಡರ ನಡುವೆ. ಮುಖ ಯಾರಿಗೂ ಗೊತ್ತಿಲ್ಲ, ನಂಬರ್ ಮಾತ್ರ ಎಲ್ಲರಿಗೂ ಗೊತ್ತು. 104.80.

ಎಷ್ಟು ದೂರ ಅಂತ ಅಂದಾಜಿಗೆ ಹೇಳ್ತೀನಿ. ದೊಡ್ಡ ಪಂದ್ಯಗಳ ಫುಟ್‌ಬಾಲ್ ಮೈದಾನದ ಉದ್ದ 105 ಮೀಟರ್. ಒಂದು ಗೋಲ್ ಗೆರೆಯ ಮೇಲೆ ನಿಂತು ಎಸೆದ ಈಟಿ ಆ ಕಡೆಯ ಗೋಲ್ ಗೆರೆಗೆ ಒಂದು ಗೇಣು ಮುಂಚೆ ಬಿದ್ದ ಹಾಗೆ. ಕ್ರಿಕೆಟ್ ಲೆಕ್ಕ ಬೇಕೆಂದರೆ ಐದು ಪಿಚ್‌ಗಳನ್ನು ಒಂದರ ಮುಂದೆ ಒಂದು ಹಾಸಿ, ಅದರ ಮೇಲೆ ನಾಲ್ಕು ಮೀಟರ್ ಸೇರಿಸಿ.

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ವಿಷಯಕ್ಕೆ ಸಂಬಂಧ ಇದೆ, ಸುಮ್ನೆ ಹೇಳುತ್ತಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟದಲ್ಲಿ ನನಗೆ ಸಿಕ್ಕ ಕೆಲಸ ಈಟಿ ಬಿದ್ದ ಜಾಗಕ್ಕೆ ಓಡಿಹೋಗಿ ಗೂಟ ನೆಡುವುದು. ಪಠ್ಯಪುಸ್ತಕದಲ್ಲಿ ಅದು 'ಭರ್ಜಿ ಎಸೆತ'. ನಾವು ಕರೆಯುತ್ತಿದ್ದದ್ದು 'ಜಾವ್ಲಿನ್'. ಬಿದಿರಿನ ಕೋಲು, ತುದಿಗೆ ಕಬ್ಬಿಣದ ಮೂತಿ, ನಡುವೆ ಸುತ್ತಿದ ದಾರ. ಒಬ್ಬ ಹುಡುಗ ಎಸೆದದ್ದು ಎಲ್ಲರಿಗಿಂತ ಮುಂದೆ ಬಂತು. ಆದರೆ ಚುಚ್ಚಿಕೊಳ್ಳಲಿಲ್ಲ. ಹಾಸಿಗೆ ಮೇಲೆ ಮಲಗಿದ ಹಾಗೆ ಉದ್ದಕ್ಕೆ ಬಿದ್ದು, ಎರಡು ಸಲ ಕುಪ್ಪಳಿಸಿ ಜಾರಿತು. ನಿಯಮ ಏನೆಂದರೆ ಕಬ್ಬಿಣದ ಮೂತಿ ಮೊದಲು ನೆಲಕ್ಕೆ ತಾಗಬೇಕು. ಚುಚ್ಚಿ ನಿಲ್ಲಲೇಬೇಕು ಅಂತೇನಿಲ್ಲ, ಗುರುತಾದರೆ ಸಾಕು. ಕೆಂಪು ಬಾವುಟ ಹಿಡಿದಿದ್ದ ಮೇಷ್ಟ್ರು ಬಾಲ ಮೊದಲು ತಾಗಿತು ಅಂದರು. ಹುಡುಗನ ಕಡೆಯವರು ಮೂತಿಯೇ ಮೊದಲು ಅಂದರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು, ಹತ್ತಿರ ಇದ್ದವನು ನಾನೇ ಅಲ್ವಾ? ನಿಜ ಹೇಳಬೇಕೆಂದರೆ ನನಗೆ ಏನೂ ಕಂಡಿರಲಿಲ್ಲ. ಮೂತಿ, ಬಾಲ ಎರಡೂ ಒಟ್ಟಿಗೆ ಬಿದ್ದಂತಿತ್ತು. ಹೆದರಿ, ಮೇಷ್ಟ್ರು ಹೇಳಿದ್ದಕ್ಕೇ ತಲೆ ಆಡಿಸಿದೆ. ಆ ಹುಡುಗನಿಗೆ ಜಿಲ್ಲಾ ಮಟ್ಟ ತಪ್ಪಿತು. ಇವತ್ತಿಗೂ ಅದು ಮನಸ್ಸಲ್ಲಿ ಕುಟುಕುತ್ತದೆ.

ನಮ್ಮ ತಾಲ್ಲೂಕಿನ ಮೈದಾನದಲ್ಲಿ ಆದ ಈ ಜಗಳ 1980ರ ಆಸುಪಾಸಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ಕೂಟಗಳಲ್ಲೂ ಆಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹೋನ್ ಹುಟ್ಟಿದ್ದು 1962ರ ಜುಲೈ 16ರಂದು, ಬರ್ಲಿನ್‌ನ ವಾಯವ್ಯಕ್ಕಿರುವ ನೊಯ್‌ರುಪ್ಪಿನ್ ಎಂಬ ಊರಲ್ಲಿ. ಪಳಗಿದ್ದು ಪಾಟ್ಸ್‌ಡಾಮ್‌ನ ಸೇನಾ ಕ್ರೀಡಾ ಕ್ಲಬ್‌ನಲ್ಲಿ. ಆರೂವರೆ ಅಡಿ ಎತ್ತರದ ಆಳು. 1981ರಲ್ಲಿ ಯುರೋಪಿನ ಜೂನಿಯರ್ ಚಾಂಪಿಯನ್. ಮರುವರ್ಷವೇ ಅಥೆನ್ಸ್‌ನಲ್ಲಿ ದೊಡ್ಡವರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 91.34 ಮೀಟರ್ ಎಸೆದು ಚಿನ್ನ. ಆಗಿನ್ನೂ ವಯಸ್ಸು 20. ಇಲ್ಲಿಯವರೆಗೆ ಇದು ಯಾವುದೇ ಒಳ್ಳೆಯ ಆಟಗಾರನ ಕಥೆ.

ಆಗ ವಿಶ್ವದಾಖಲೆ ಇದ್ದದ್ದು ಅಮೆರಿಕದ ಟಾಮ್ ಪೆಟ್ರಾನಾಫ್ ಹೆಸರಲ್ಲಿ. 1983ರ ಮೇ ತಿಂಗಳಲ್ಲಿ 99.72. ನೂರಕ್ಕೆ ಇನ್ನು 28 ಸೆಂಟಿಮೀಟರ್ ಬಾಕಿ. ಮರುವರ್ಷ ಮೇ ತಿಂಗಳಲ್ಲಿ ಹೋನ್ 99.52 ಎಸೆದರು. ಅಂದರೆ ನೂರರ ಬಾಗಿಲನ್ನು ಇಬ್ಬರೂ ತಟ್ಟುತ್ತಿದ್ದರು. ಯಾರು ಮೊದಲು ತೆಗೆಯುತ್ತಾರೆ ಅನ್ನುವುದಷ್ಟೇ ಪ್ರಶ್ನೆ.

1984ರ ಜುಲೈ 20. ಪೂರ್ವ ಬರ್ಲಿನ್‌ನ ಫ್ರೀಡ್ರಿಶ್ ಲುಡ್ವಿಗ್ ಯಾನ್ ಕ್ರೀಡಾಂಗಣ. ಬರ್ಲಿನ್ ಗೋಡೆ ಹಾದುಹೋಗುತ್ತಿದ್ದದ್ದು ಈ ಕ್ರೀಡಾಂಗಣದ ಬೆನ್ನಿಗೇ. ಆ ಜಾಗದಲ್ಲಿ ಈಗ ಪಾರ್ಕ್ ಇದೆ, ಹೆಸರೇ ಮೌವರ್‌ಪಾರ್ಕ್, ಗೋಡೆಯ ಪಾರ್ಕು ಅಂತ. ಗೋಡೆ ಈಚೆ ನಿಂತು ಹೋನ್ ಎಸೆದದ್ದು 104.80. ನಾಲ್ಕು ದಿನದ ಹಿಂದೆಯಷ್ಟೇ 22 ತುಂಬಿತ್ತು.

ಈಟಿಯ ದಾಖಲೆಗಳು ಸಾಮಾನ್ಯವಾಗಿ ಅರ್ಧ ಮೀಟರ್, ಒಂದು ಮೀಟರ್, ಹೆಚ್ಚೆಂದರೆ ಎರಡು ಮೂರು ಮೀಟರ್ ಮುಂದೆ ಹೋಗುತ್ತವೆ. ಇಲ್ಲಿ ಒಂದೇ ಏಟಿಗೆ 5 ಮೀಟರ್ 8 ಸೆಂಟಿಮೀಟರ್. 99ರಲ್ಲಿದ್ದದ್ದು 100, 101, 102, 103 ಯಾವುದನ್ನೂ ಮುಟ್ಟದೆ 104ಕ್ಕೆ ಹೋಗಿ ಕೂತಿತು. ಮೆಟ್ಟಿಲು ಬಿಟ್ಟು ಅಟ್ಟಕ್ಕೆ ಹಾರಿದ ಹಾಗೆ.

ಈಗ ತಾರೀಖು ನೋಡಿ. ಜುಲೈ 20. ಲಾಸ್ ಏಂಜಲೀಸ್ ಒಲಿಂಪಿಕ್ಸ್ ಶುರುವಾದದ್ದು ಜುಲೈ 28ಕ್ಕೆ. ಬರೀ ಎಂಟು ದಿನ. ಆದರೆ ಹೋನ್ ಹೋಗುವ ಹಾಗಿರಲಿಲ್ಲ. ಮೇ ತಿಂಗಳಲ್ಲೇ ಸೋವಿಯತ್ ಒಕ್ಕೂಟ ಬಹಿಷ್ಕಾರ ಹಾಕಿತ್ತು, ಎರಡೇ ದಿನದಲ್ಲಿ ಪೂರ್ವ ಜರ್ಮನಿಯೂ ಅದರ ದಾರಿಯನ್ನೇ ಹಿಡಿದಿತ್ತು. ನಮಗೆ ಆ ಒಲಿಂಪಿಕ್ಸ್ ಅಂದರೆ ಪಿ.ಟಿ. ಉಷಾ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು ಅಂತ ಇಡೀ ದೇಶ ಅತ್ತಿತು. ಅದೇ ಕೂಟದಲ್ಲಿ ಈಟಿ ಎಸೆತದ ಚಿನ್ನ ಫಿನ್ಲೆಂಡಿನ ಆರ್ಟೊ ಹಾರ್ಕೊನೆನ್ ಅವರಿಗೆ, 86.76 ಮೀಟರ್‌ಗೆ. ಹೋನ್ ಎಸೆತಕ್ಕಿಂತ 18 ಮೀಟರ್ ಕಡಿಮೆ. ಹಾರ್ಕೊನೆನ್ ಅವರದ್ದೇನೂ ತಪ್ಪಿಲ್ಲ, ಬಂದವರಲ್ಲಿ ಗೆದ್ದರು. ಬಹಿಷ್ಕರಿಸಿದ ದೇಶಗಳು ಆಗಸ್ಟ್‌ನಲ್ಲಿ ತಮ್ಮದೇ ಸ್ನೇಹ ಕೂಟ ನಡೆಸಿದವು. ಮಾಸ್ಕೋದಲ್ಲಿ ಹೋನ್ 94.44 ಎಸೆದು ಗೆದ್ದರು. ಮದುವೆ ಊಟ ತಪ್ಪಿಸಿಕೊಂಡವನಿಗೆ ಮನೆಯಲ್ಲಿ ಪಾಯಸ ಮಾಡಿ ಹಾಕಿದ ಹಾಗೆ. ಸಿಹಿ ಏನೋ ಸಿಹಿಯೇ.

ಅವರಿಗೆ ಒಲಿಂಪಿಕ್ಸ್ ಅಂಗಳಕ್ಕೆ ಇಳಿಯುವ ಯೋಗ ಮತ್ತೆ ಬರಲೇ ಇಲ್ಲ.

ಜನಪ್ರಿಯತೆ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಇನ್ನೊಬ್ಬ ಜರ್ಮನ್ನರನ್ನು ಪಕ್ಕಕ್ಕೆ ನಿಲ್ಲಿಸಿ ನೋಡೋಣ. ಕ್ಲಾವ್ಸ್ ವೋಲ್ಫರ್‌ಮಾನ್, ಪಶ್ಚಿಮ ಜರ್ಮನಿಯವರು. 1972ರ ಮ್ಯೂನಿಕ್ ಒಲಿಂಪಿಕ್ಸ್. ಸ್ವಂತ ದೇಶ, ಸ್ವಂತ ಜನ. ಎದುರಿಗೆ ಸೋವಿಯತ್ ಒಕ್ಕೂಟದ ಯಾನಿಸ್ ಲೂಸಿಸ್, ಹಿಂದಿನ ಒಲಿಂಪಿಕ್ಸ್‌ನ ಚಿನ್ನದ ಹುಲಿ. ವೋಲ್ಫರ್‌ಮಾನ್ 90.48, ಲೂಸಿಸ್ 90.46. ಎರಡು ಸೆಂಟಿಮೀಟರ್! ಜರ್ಮನಿ ಕುಣಿಯಿತು. ಆ ವರ್ಷವೂ ಮರುವರ್ಷವೂ ವರ್ಷದ ಕ್ರೀಡಾಪಟು ಅಂತ ಅವರನ್ನೇ ಆರಿಸಿದರು. ಸೋತ ಲೂಸಿಸ್ ಮತ್ತು ಗೆದ್ದ ವೋಲ್ಫರ್‌ಮಾನ್ ಆಮೇಲೆ ಗೆಳೆಯರಾದರು, ಕೊನೆಯವರೆಗೂ. ಒಬ್ಬರಿಗೆ ಎರಡು ಸೆಂಟಿಮೀಟರ್ ಇಡೀ ದೇಶದ ಪ್ರೀತಿ ಕೊಟ್ಟಿತು. ಇನ್ನೊಬ್ಬರಿಗೆ ಐದು ಮೀಟರ್ ಕೊಟ್ಟದ್ದು ಪುಸ್ತಕದಲ್ಲಿ ಒಂದು ಸಾಲು. ಪದಕ ಕೊರಳಿಗೆ ಹಾಕುವುದನ್ನು ಜನ ಕಣ್ಣಾರೆ ನೋಡಬೇಕು. ನಂಬರನ್ನು ಯಾರೂ ಮುದ್ದಿಸುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಆಮೇಲೆ ಟೀ ಹೊತ್ತಲ್ಲಿ ಜಗಳ ಮಾಡಬಹುದು.

ಈಗ ಈಟಿ ಬದಲಾದ ಕಥೆ. ಮೊಬೈಲಿನಲ್ಲಿ ಓಡಾಡುವ ಆವೃತ್ತಿ ಹೀಗಿದೆ: ಹೋನ್ ಎಸೆದ ಈಟಿ ಜನರ ಮೇಲೆ ಬೀಳುವಷ್ಟು ದೂರ ಹೋಯಿತು, ಎಲ್ಲರೂ ಗಾಬರಿಯಾದರು, ಮರುದಿನವೇ ಈಟಿ ಬದಲಾಯಿಸಿದರು. ಕೇಳಲು ಚೆನ್ನಾಗಿದೆ. ಅರ್ಧ ನಿಜ. ಮೈದಾನ ಸಾಲದೇ ಹೋಗುತ್ತದೆ ಎಂಬ ಭಯ ಇತ್ತು, ಸುಳ್ಳಲ್ಲ. ಆದರೆ ಬದಲಾಯಿಸುವ ಮಾತು ಹೋನ್ ಎಸೆತಕ್ಕೂ ಮುಂಚೆ ಶುರುವಾಗಿತ್ತು. ಅದಕ್ಕೆ ದೊಡ್ಡ ಕಾರಣ ನಾನು ಆಗ ಹೇಳಿದ ಗೂಟದ ಜಗಳ. ಹಳೇ ಈಟಿ ಗಾಳಿಯಲ್ಲಿ ತೇಲುತ್ತಿತ್ತು. ತೇಲಿ ತೇಲಿ ಕೊನೆಗೆ ಮೂತಿ ಕೆಳಗೆ ಮಾಡದೆ ಚಪ್ಪಟೆಯಾಗಿ ಬೀಳುತ್ತಿತ್ತು. ಮೂತಿ ಮೊದಲಾ ಬಾಲ ಮೊದಲಾ ಅಂತ ಅಂಪೈರ್‌ಗಳಿಗೆ ತಲೆನೋವು. ಹೋನ್ ಎಸೆತ ಆ ಚರ್ಚೆಗೆ ಕೊನೆಯ ತಳ್ಳು ಕೊಟ್ಟಿತು, ಅಷ್ಟೇ.

ಪರಿಹಾರ ನಿಮ್ಮ ಬೆರಳ ಮೇಲೆ ಇದೆ. ತೂಕ ಅದೇ 800 ಗ್ರಾಂ. ಆದರೆ ತೂಕದ ನಡುಬಿಂದುವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಈಟಿ ಹಾರುವಾಗ ಕೆಳಗಿನಿಂದ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಆ ಎತ್ತುವ ಬಲ ಒಂದು ಜಾಗದಲ್ಲಿ, ತೂಕ ಎಳೆಯುವುದು ಇನ್ನೊಂದು ಜಾಗದಲ್ಲಿ. ತೂಕದ ಜಾಗ ಮುಂದೆ ಹೋದರೆ ಮೂತಿ ಬೇಗ ಬಾಗುತ್ತದೆ. ಚಿಕ್ಕವರಿದ್ದಾಗ ಪೇಪರ್ ರಾಕೆಟ್ ಮೂತಿಗೆ ಜೆಮ್ ಕ್ಲಿಪ್ ಸಿಕ್ಕಿಸಿ ಹಾರಿಸಿದ್ದೀರಾ? ಸ್ವಲ್ಪ ದೂರ ಹೋಗಿ ತಲೆ ತಗ್ಗಿಸಿ ಇಳಿಯುತ್ತದೆ. ಅದೇ ವಿದ್ಯೆ. ಈಟಿ ಚುಚ್ಚಿಕೊಂಡು ಬೀಳತೊಡಗಿತು, ದೂರವೂ ಸುಮಾರು ಹತ್ತನೇ ಒಂದು ಭಾಗ ಕಡಿಮೆಯಾಯಿತು. ಗಂಡಸರಿಗೆ ಹೊಸ ಈಟಿ ಬಂದದ್ದು 1986ರ ಏಪ್ರಿಲ್ 1ಕ್ಕೆ. ಹೌದು, ಮೂರ್ಖರ ದಿನವೇ. ಹೆಂಗಸರ ಈಟಿ ಬದಲಾದದ್ದು 1999ರಲ್ಲಿ.

ದಾಖಲೆ ಪುಸ್ತಕ ಹೊಸದಾಗಿ ಶುರುವಾಯಿತು. ಹೊಸ ಈಟಿಯ ಮೊದಲ ವಿಶ್ವದಾಖಲೆ ಪಶ್ಚಿಮ ಜರ್ಮನಿಯ ಕ್ಲಾವ್ಸ್ ಟಾಫೆಲ್‌ಮಾಯರ್ ಅವರದ್ದು, 85.74. ಅಂದರೆ ವಿಶ್ವದಾಖಲೆ 19 ಮೀಟರ್ ಹಿಂದಕ್ಕೆ ಬಂತು! ಆಮೇಲೆ ಏರುತ್ತಾ ಏರುತ್ತಾ 1996ರಲ್ಲಿ ಜೆಕ್ ದೇಶದ ಯಾನ್ ಝೆಲೆಜ್ನಿ 98.48ಕ್ಕೆ ಮುಟ್ಟಿಸಿದರು. ಅದೂ ಜರ್ಮನಿಯ ಯೇನಾ ಊರಲ್ಲಿ. 2020ರಲ್ಲಿ ಜರ್ಮನಿಯ ಯೋಹಾನೆಸ್ ಫೆಟ್ಟರ್ 97.76ರವರೆಗೆ ಹೋದರು. ನೂರು ಇನ್ನೂ ಯಾರಿಗೂ ಸಿಕ್ಕಿಲ್ಲ. ಸಿಕ್ಕರೂ ಅದು ಹೋನ್ ದಾಖಲೆ ಮುರಿದಂತಲ್ಲ, ಲೆಕ್ಕವೇ ಬೇರೆ. ಜರ್ಮನಿಯ ಪತ್ರಿಕೆಗಳು ಅವರನ್ನು 'ಶಾಶ್ವತ ವಿಶ್ವದಾಖಲೆಗಾರ' ಅನ್ನುವುದು ಇದಕ್ಕೇ. ಅದು ಹೊಗಳಿಕೆಯೋ ಕೀಟಲೆಯೋ ನನಗೆ ಇನ್ನೂ ಅರ್ಥವಾಗಿಲ್ಲ.

ನಡುವೆ ಒಂದು ತಮಾಷೆ ವಿಷಯ. ಈಟಿ ನೂರು ಮೀಟರ್ ದಾಟಿದ್ದು ಹೋನ್ ಕೈಯಿಂದಲೇ ಮೊದಲು ಅಂತೇನಿಲ್ಲ. 1956ರಲ್ಲಿ ಸ್ಪೇನ್‌ನ ಎಸೆತಗಾರರು ಒಂದು ಹೊಸ ವರಸೆ ತೆಗೆದರು. ಡಿಸ್ಕಸ್ ಎಸೆಯುವವರ ಹಾಗೆ ಗಿರಗಿರ ತಿರುಗಿ, ಕೈಗೆ ಸೋಪು ನೀರು ಹಚ್ಚಿಕೊಂಡು, ಈಟಿ ಅಂಗೈಯಿಂದ ಜಾರಿಹೋಗುವ ಹಾಗೆ ಬಿಡುವುದು. ದೂರ ಭಯಂಕರ ಹೋಯಿತು, ನೂರೂ ದಾಟಿತು. ಆದರೆ ಯಾವ ದಿಕ್ಕಿಗೆ ಹೋಗುತ್ತದೆ ಅಂತ ಎಸೆದವನಿಗೂ ಗೊತ್ತಿರುತ್ತಿರಲಿಲ್ಲ. ಗುರಿಯಿಟ್ಟು ನೋಡುವ ದಿಕ್ಕಿಗೆ ಬೆನ್ನು ತಿರುಗಿಸುವ ಹಾಗಿಲ್ಲ ಅಂತ ನಿಯಮ ತಂದು ನಿಲ್ಲಿಸಿದರು. ನೀವು ಶಾಲೆಗಳಲ್ಲಿ ಆಡಿಸುವಾಗ ದಯವಿಟ್ಟು ಪ್ರಯತ್ನಿಸಬೇಡಿ.

ಹೋನ್ ವಿಷಯಕ್ಕೆ ಬರೋಣ. 1985ರಲ್ಲಿ ಕ್ಯಾನ್‌ಬೆರಾದಲ್ಲಿ ನಡೆದ ವಿಶ್ವಕಪ್‌ನಲ್ಲಿ 96.96 ಎಸೆದು ಗೆದ್ದರು. ಹಳೇ ಈಟಿಯ ಕೊನೆಯ ದೊಡ್ಡ ಗೆಲುವು ಅದು. ಮರುವರ್ಷ ಈಟಿ ಬದಲಾಯಿತು, ಜೊತೆಗೇ ಬೆನ್ನೂ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಸರಿಹೋಗಲಿಲ್ಲ. 24ನೇ ವಯಸ್ಸಿಗೆ ಆಟ ಮುಗಿಯಿತು. ಈಟಿ ಎಸೆಯುವವರು ಹದಕ್ಕೆ ಬರುವುದೇ 25ರ ಮೇಲೆ. ಝೆಲೆಜ್ನಿ 98.48 ಎಸೆದಾಗ ಅವರಿಗೆ 29.

ಈಗ ಒಂದು ಕಹಿ ಮಾತು. ಆ ಕಾಲದ ಪೂರ್ವ ಜರ್ಮನಿಯ ದಾಖಲೆ ಎಂದರೆ ಮದ್ದಿನ ನೆರಳು ಇದ್ದೇ ಇರುತ್ತದೆ. ಆಟಗಾರರಿಗೆ ಸ್ಟೆರಾಯ್ಡ್ ಕೊಡುವುದು ಅಲ್ಲಿ ಸರ್ಕಾರದ್ದೇ ಯೋಜನೆಯಾಗಿತ್ತು. ಕೋಚ್‌ಗಳು, ಡಾಕ್ಟರುಗಳು, ಅಧಿಕಾರಿಗಳು ಎಲ್ಲರೂ ಸೇರಿ ನಡೆಸಿದ್ದು. ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು. ಆಗಿನ ಯಾವ ಸಂಖ್ಯೆ ನೋಡಿದರೂ ಈ ಮಾತು ಮನಸ್ಸಿಗೆ ಬರಬೇಕು, 104.80ಕ್ಕೂ ಅದು ತಪ್ಪಿದ್ದಲ್ಲ. ಇದನ್ನು ಬಚ್ಚಿಟ್ಟು ಬರೀ ಹೊಗಳಿದರೆ ನಾನು ನಿಮಗೆ ಅರ್ಧ ಕಥೆ ಹೇಳಿದ ಹಾಗೆ.

ಎಸೆಯುವುದು ನಿಂತ ಮೇಲೆ ಕಲಿಸುವುದು. ಹೋನ್ ಬೇರೆ ಬೇರೆ ದೇಶದವರಿಗೆ ಹೇಳಿಕೊಟ್ಟರು. ಚೀನಾದ ಜಾವೊ ಚಿಂಗ್‌ಗಾಂಗ್ 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ 89.15 ಎಸೆದು ಏಷ್ಯಾ ದಾಖಲೆ ಮಾಡಿದಾಗ ಅವರ ಹಿಂದೆ ಹೋನ್ ಇದ್ದರು. 2017ರ ಕೊನೆಗೆ ಭಾರತಕ್ಕೆ ಬಂದರು. ನಮ್ಮವರು ಹೋನ್ ಹೆಸರನ್ನು ಪೇಪರಿನ ಕ್ರೀಡಾಪುಟದಲ್ಲಿ ಮತ್ತೆ ಮತ್ತೆ ಓದತೊಡಗಿದ್ದು ಆಗ.

ನೀರಜ್ ಅಷ್ಟರಲ್ಲಾಗಲೇ ಜೂನಿಯರ್ ವಿಶ್ವ ಚಾಂಪಿಯನ್. 2016ರಲ್ಲಿ 86.48, ಆಗ ಕೋಚ್ ಆಸ್ಟ್ರೇಲಿಯಾದ ಗ್ಯಾರಿ ಕ್ಯಾಲ್ವರ್ಟ್. ಹಾಗಾಗಿ ಹೋನ್ ಬಂದು ಮಣ್ಣಿನಿಂದ ಗೊಂಬೆ ಮಾಡಿದರು ಅಂತ ಹೇಳಿದರೆ ಅನ್ಯಾಯ. ಆದರೆ 2018 ನೋಡಿ. ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಚಿನ್ನ, 86.47. ಮೇನಲ್ಲಿ ದೋಹಾದಲ್ಲಿ 87.43. ಆಗಸ್ಟ್‌ನಲ್ಲಿ ಜಕಾರ್ತ ಏಷ್ಯನ್ ಗೇಮ್ಸ್ ಚಿನ್ನ, 88.06. ಒಂದೇ ವರ್ಷದಲ್ಲಿ. ಈಟಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಮೊದಲ ಭಾರತೀಯ ಈ ಹುಡುಗ.

2019ರ ಮೇನಲ್ಲಿ ನೀರಜ್ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಚೇತರಿಕೆಗೆ ಬಂದದ್ದು ನಮ್ಮ ಬಳ್ಳಾರಿ ಜಿಲ್ಲೆಗೆ. ತೋರಣಗಲ್ಲು ಪಕ್ಕದ ವಿಜಯನಗರದಲ್ಲಿ ಜೆ.ಎಸ್.ಡಬ್ಲ್ಯು.ನವರ ಕ್ರೀಡಾ ಸಂಸ್ಥೆ ಇದೆ, ಅಲ್ಲಿ. ಬಳ್ಳಾರಿ ಬಿಸಿಲಲ್ಲಿ ಆ ಕೈ ಮತ್ತೆ ತಯಾರಾಯಿತು ಎಂದರೆ ನಮಗೂ ಒಂಚೂರು ಹೆಮ್ಮೆ ಇರಲಿ. ಅಂದ ಹಾಗೆ ಈಟಿಯಲ್ಲಿ ನಮ್ಮವರು ಬರೀ ಜಾಗ ಕೊಟ್ಟವರಲ್ಲ. ಶಿರಸಿಯ ಕಾಶಿನಾಥ್ ನಾಯ್ಕ್ 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಇದೇ ಈಟಿಗೆ ಕಂಚು ತಂದಿದ್ದಾರೆ. ನಮ್ಮೂರಲ್ಲಿ ಆ ಹೆಸರು ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲ್ಲ. ಜನಪ್ರಿಯತೆ ವಿಷಯ ಮಾತಾಡುವಾಗ ಇದನ್ನೂ ಹೇಳಬೇಕು ಅನ್ನಿಸಿತು.

ಚೇತರಿಸಿಕೊಂಡ ಮೇಲೆ ನೀರಜ್ ಇನ್ನೊಬ್ಬ ಜರ್ಮನ್ನರ ಕಡೆ ಹೋದರು. ಕ್ಲಾವ್ಸ್ ಬಾರ್ಟೋನಿಟ್ಜ್, ದೇಹದ ಚಲನೆಯ ವಿಜ್ಞಾನ ಓದಿಕೊಂಡವರು. ನೀರಜ್ ಆಮೇಲೆ ಹೇಳಿದ್ದು ಇಷ್ಟು: ಹೋನ್ ಮೇಲೆ ಗೌರವ ಇದೆ, 2018ರಲ್ಲಿ ಅವರ ಜೊತೆ ಚೆನ್ನಾಗಿ ನಡೆಯಿತು, ಆದರೆ ಅವರು ಕಲಿಸುವ ರೀತಿ ತನಗೆ ಪೂರ್ತಿ ಹೊಂದಲಿಲ್ಲ. ನನಗೆ ಈ ಮಾತು ಹಿಡಿಸಿತು. ಗುರುವನ್ನು ಬಿಟ್ಟರೂ ಬೈಯಲಿಲ್ಲ. ಆರೂವರೆ ಅಡಿ ಆಳು ತನ್ನ ಮೈಗೆ ಒಗ್ಗಿದ್ದನ್ನು ಕಲಿಸುತ್ತಾನೆ, ಕಲಿಯುವವನ ಮೈ ಬೇರೆ ಇರುತ್ತದೆ. ಸಂಗೀತದವರನ್ನು ಕೇಳಿ, ಇದೇ ಹೇಳ್ತಾರೆ.

ಟೋಕಿಯೊಗೆ ಮುಂಚೆ ಹೋನ್ ಭಾರತದ ವ್ಯವಸ್ಥೆಯ ಮೇಲೆ ಬಹಿರಂಗವಾಗಿ ಸಿಟ್ಟು ಕಾರಿದರು. ಒಪ್ಪಂದ ಸರಿಯಿಲ್ಲ, ತಯಾರಿ ಸರಿಯಿಲ್ಲ ಅಂತ. ಇಲ್ಲಿನವರೂ ಸುಮ್ಮನಿರಲಿಲ್ಲ. ಒಲಿಂಪಿಕ್ಸ್ ಮುಗಿದು ತಿಂಗಳಾದ ಮೇಲೆ ಅಥ್ಲೆಟಿಕ್ಸ್ ಫೆಡರೇಷನ್ ಅವರನ್ನು ಬಿಟ್ಟಿತು. ಯಾರದ್ದು ಸರಿ ಅಂತ ನಾನು ಪಂಚಾಯ್ತಿ ಮಾಡಲ್ಲ. ಆ ನಡುವೆ, 2021ರ ಆಗಸ್ಟ್ 7ರಂದು, ನೀರಜ್ 87.58 ಎಸೆದು ಚಿನ್ನ ಗೆದ್ದಿದ್ದರು. ಅದು ನಿಮಗೆಲ್ಲ ಬಾಯಿಪಾಠ.

ಒಂದು ವಿಚಿತ್ರ ನೋಡಿ. 2024ರ ಕೊನೆಯಲ್ಲಿ ನೀರಜ್ ತಮ್ಮ ಕೋಚ್ ಆಗಿ ಯಾನ್ ಝೆಲೆಜ್ನಿ ಅವರನ್ನು ಆರಿಸಿಕೊಂಡರು. ಮರುವರ್ಷ ಮೇನಲ್ಲಿ ದೋಹಾದಲ್ಲಿ 90.23, ಕೊನೆಗೂ ತೊಂಬತ್ತು ದಾಟಿತು. ಅಂದರೆ ಹಳೇ ಈಟಿಯ ದಾಖಲೆಗಾರ, ಹೊಸ ಈಟಿಯ ದಾಖಲೆಗಾರ, ಇಬ್ಬರ ಪಾಠವೂ ಪಾಣಿಪತ್ತದ ಒಬ್ಬ ರೈತರ ಮಗನ ಕೈಗೆ ಬಂತು.

2025ರ ಜುಲೈ 5ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನ ಕೂಟ ನಡೆಯಿತಲ್ಲ, ನಿಮ್ಮಲ್ಲಿ ಕೆಲವರು ಬಂದಿದ್ದಿರಿ. ನಾನೂ ಹೋಗಿದ್ದೆ. ನೀರಜ್ 86.18 ಎಸೆದು ಗೆದ್ದರು, ಕೀನ್ಯಾದ ಜೂಲಿಯಸ್ ಯೇಗೊ ಎರಡನೆಯವರು. ರಿಯೊ ಒಲಿಂಪಿಕ್ಸ್ ಗೆದ್ದ ಜರ್ಮನಿಯ ಥಾಮಸ್ ರೋಲರ್ ಕೂಡ ಇದ್ದರು. ನನ್ನ ಪಕ್ಕದಲ್ಲಿ ಕೂತಿದ್ದವರು ಎಂಟನೇ ಕ್ಲಾಸಿನ ಮಗನನ್ನು ಕರೆತಂದಿದ್ದರು. ಹುಡುಗನಿಗೆ ಎಲ್ಲರ ನಂಬರೂ ಗೊತ್ತು. "ಅಂಕಲ್, ನೂರು ಮೀಟರ್ ಎಸೆದೋರು ಇದ್ದಾರಂತೆ, ಇಲ್ಲಿ ಎಸೆದಿದ್ರೆ ಎಲ್ಲಿ ಬೀಳ್ತಿತ್ತು?" ಅಂದ. ತೊಂಬತ್ತರ ಆಚೆ ಹುಲ್ಲು ಮುಂದುವರಿದಿತ್ತು. ಅಲ್ಲಿಂದ ಇನ್ನೂ ಹದಿನೈದು ದೊಡ್ಡ ಹೆಜ್ಜೆ ಎಣಿಸಿ, ಟ್ರ್ಯಾಕ್ ತಿರುವಿನ ಕಡೆ ಕೈ ತೋರಿಸಿದೆ. ಅಲ್ಲಿ ಒಬ್ಬ ವಾಲಂಟಿಯರ್ ಹುಡುಗ ನಿಂತಿದ್ದ. ಇವನು ಎದ್ದು ನಿಂತು ಸ್ವಲ್ಪ ಹೊತ್ತು ನೋಡಿದ.

"ಅಯ್ಯೋ, ಆ ಅಣ್ಣನಿಗೆ ಜರುಗೋಕೆ ಹೇಳ್ಬೇಕಿತ್ತು," ಅಂದ.